ಓಡಿಸದೆ ನೋಡುತ್ತಿದ್ದವರು

ಕಳೆದ ವಾರ ನನಗೊಂದು ಈಮೇಲ್ ಬಂತು. ನಮ್ಮ ವೆಬ್‌ಸೈಟಿಗೆ ಬಂದ ಜನ ಎಲ್ಲಿ ಒತ್ತಿದರು, ಎಲ್ಲಿ ನಿಂತರು, ಎಲ್ಲಿಂದ ಎದ್ದು ಹೋದರು ಎಂದು ಲೆಕ್ಕ ಇಡುವ ಒಂದು ಸಾಫ್ಟ್‌ವೇರ್ ಇದೆ. ಈಮೇಲ್ ಕಳಿಸಿದ್ದು ಮನುಷ್ಯರಲ್ಲ, ಅದು. 'ಆಪರೇಟರ್' ಎಂಬ ಹೆಸರಿನ ನಿಮ್ಮ ಸಹೋದ್ಯೋಗಿ ಮೂವತ್ತು ದಿನಗಳಿಂದ ನಿಷ್ಕ್ರಿಯರಾಗಿದ್ದಾರೆ, ಅವರ ಖಾತೆಯನ್ನು ತೆಗೆದುಹಾಕೋಣವೇ ಎಂದು ಕೇಳಿತ್ತು. ಕೆಳಗೆ ಎರಡು ಬಟನ್. 'ತೆಗೆದುಹಾಕಿ' ಎಂಬುದು ನೀಲಿ ಬಣ್ಣದಲ್ಲಿ, ದೊಡ್ಡದಾಗಿ. 'ಆಮೇಲೆ ನೆನಪಿಸಿ' ಎಂಬುದು ಬೂದು ಬಣ್ಣದಲ್ಲಿ, ಓದಲು ಕನ್ನಡಕ ಬೇಕಾಗುವಷ್ಟು ಸಣ್ಣದಾಗಿ.

ಮಾಹಿತಿ ಸರಿಯಾಗಿಯೇ ಇತ್ತು. ಅವರು ತೀರಿಕೊಂಡು ಅಂದಿಗೆ ಇಪ್ಪತ್ತೊಂಬತ್ತು ದಿನ. ಅದರ ಹಿಂದಿನ ಸಂಜೆ ಐದೂವರೆಯವರೆಗೂ ಅವರು ಸಕ್ರಿಯರಾಗಿದ್ದರು. ಹಲಸೂರಿನ ಮನೆಯಲ್ಲಿ ಬೆಳಗಿನ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿಬಿಟ್ಟರು. ಲೋಟ ತೊಳೆದಿಟ್ಟಿದ್ದರು ಎಂಬುದನ್ನು ಅವರ ತಂಗಿ ನನಗೆ ಮೂರು ಸಲ ಹೇಳಿದರು. ಕೇಳಿದವರಿಗೆಲ್ಲ ನಾನೂ ಈಗ ಅದನ್ನೇ ಹೇಳುತ್ತಿದ್ದೇನೆ. ಯಾಕೋ ಅದು ಮುಖ್ಯವಾದ ಮಾಹಿತಿ ಅನ್ನಿಸುತ್ತದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರಿಗೇ ಇಷ್ಟವಿರಲಿಲ್ಲ. ಆ ಸಾಫ್ಟ್‌ವೇರಿನಲ್ಲಿ ಅವರಿಗೆ ಖಾತೆ ತೆರೆದುಕೊಡುವಾಗ ಹೆಸರಿನ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದ್ದೆ.

"ಆಪರೇಟರ್ ಅಂತ ಬರೀರಿ."

"ಅದು ಹುದ್ದೆ ಆಯ್ತಲ್ಲ ಮೇಡಂ. ಹೆಸರು?"

"ಎಕ್ಸ್‌ಚೇಂಜಲ್ಲಿ ಮೂವತ್ತು ವರ್ಷ ಇದ್ದೆ ರೀ. ಒಬ್ರೂ ಹೆಸ್ರು ಕೇಳ್ಲಿಲ್ಲ. ಕೆಲ್ಸ ನಡೀತು."

ಕಂಟೋನ್ಮೆಂಟ್ ಕಡೆಯ ಟೆಲಿಫೋನ್ ಎಕ್ಸ್‌ಚೇಂಜ್ ಒಂದರಲ್ಲಿ ಅವರು ಆಪರೇಟರ್ ಆಗಿದ್ದರು. ಟ್ರಂಕ್ ಕಾಲ್ ಬುಕ್ ಮಾಡಿ ಜನ ಮನೆಯಲ್ಲಿ ಕಾದು ಕೂರುತ್ತಿದ್ದ ಕಾಲದಲ್ಲಿ ಸೇರಿದರು. ಆ ಕಾಲ ಮುಗಿದ ಮೇಲೂ, ಫೋನ್ ಕೆಟ್ಟಿದೆ ಎಂದು ದೂರು ಹೇಳುವವರ ಮಾತು ಕೇಳುತ್ತಾ ಕೂತಿದ್ದು, ಕೊನೆಗೆ ನಿವೃತ್ತಿ ತೆಗೆದುಕೊಂಡರು. ಕನ್ನಡ, ತಮಿಳು, ದಖನಿ ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಎಲ್ಲಿ ಬದಲಾಯಿಸಿದರು ಎಂದು ಗೊತ್ತಾಗುತ್ತಿರಲಿಲ್ಲ.

ನಮ್ಮದು ಬಾಡಿಗೆ ರೂಮು ಹುಡುಕಿಕೊಡುವ ವೆಬ್‌ಸೈಟ್. ಆಫೀಸು ಜೀವನ್ ಬಿಮಾ ನಗರದಲ್ಲಿ, ಒಂದು ಬೇಕರಿಯ ಮೇಲೆ. ಬೈಯಪ್ಪನಹಳ್ಳಿ, ಕೆ.ಆರ್. ಪುರದ ಕಡೆ ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರಂತಸ್ತಿನ ರೂಮುಗಳು ಬೆಳೆದಿವೆ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಕೆಲಸಕ್ಕೆ ಬಂದವರು ಅವುಗಳಲ್ಲಿ ಇರುತ್ತಾರೆ. ಇಂಥವರಿಗೆ ಆ ರೂಮುಗಳನ್ನು ತೋರಿಸುವುದು ನಮ್ಮ ವ್ಯಾಪಾರ. ಐದು ಪುಟದ ಒಂದು ಫಾರ್ಮ್ ಇದೆ. ತುಂಬಿದರೆ ಓನರ್‌ಗೆ ಹೋಗುತ್ತದೆ, ಓನರ್ ಒಪ್ಪಿದರೆ ರೂಮು.

ಸಂಸ್ಥಾಪಕ ಚೇತನ್‌ಗೆ ಮೂವತ್ತೊಂದು. ಅವನು ನನ್ನನ್ನು 'ಸರ್' ಎನ್ನುತ್ತಾನೆ. ಆ 'ಸರ್'ನಲ್ಲಿ ನನ್ನ ವಯಸ್ಸು ಇರುತ್ತದೆ, ಅಧಿಕಾರ ಇರುವುದಿಲ್ಲ. ನನಗೆ ನಲವತ್ತೊಂಬತ್ತು. ಮೇಲೆ ಹೇಳಿದ ಸಾಫ್ಟ್‌ವೇರನ್ನು ನೋಡಿ ಪ್ರತಿ ಸೋಮವಾರ ವರದಿ ಕೊಡುವುದು ನನ್ನ ಕೆಲಸ. ಉಳಿದ ಆರು ದಿನ ಆ ವರದಿಯಲ್ಲಿ ಏನು ತಪ್ಪಿದೆಯೋ ಎಂದು ಚಿಂತಿಸುವುದೂ ನನ್ನದೇ ಕೆಲಸ, ಅದಕ್ಕೆ ಯಾರೂ ನೇಮಿಸಿಲ್ಲ. ಮನೆಗೆ ಬೀಗ ಹಾಕಿದ ಮೇಲೆ ಎರಡು ಸಲ ಎಳೆದು ನೋಡುವವರಿರುತ್ತಾರೆ. ನಾನು ಮೆಟ್ರೋ ಸ್ಟೇಷನ್ನಿನವರೆಗೆ ಹೋಗಿ, ವಾಪಸ್ ಬಂದು ಎಳೆದು ನೋಡುವವನು.

ಮೇಡಂ ಅವರನ್ನು ಸಂದರ್ಶನ ಮಾಡಿದ್ದು ಚೇತನ್. ನಾನು ಪಕ್ಕದಲ್ಲಿ ಕೂತಿದ್ದೆ.

"ಆಂಟಿ, ಐದು ವರ್ಷದಲ್ಲಿ ನಿಮ್ಮನ್ನ ನೀವು ಎಲ್ಲಿ ನೋಡ್ತೀರಾ?"

"ಅರವತ್ನಾಲ್ಕು ಆಗಿರುತ್ತೆ. ಹಲಸೂರಲ್ಲೇ."

"ಅಲ್ಲ, ಕೆಲಸದಲ್ಲಿ..."

"ಕೆಲ್ಸ ಏನು ಅಂತ ನೀವಿನ್ನೂ ಹೇಳಿಲ್ಲ ಕಣಪ್ಪ."

ಕೆಲಸ ಇದು: ಫಾರ್ಮಿನ ನಾಲ್ಕನೇ ಪುಟದ ಕೆಳಗೆ 'ತೊಂದರೆಯಾದರೆ ಕರೆ ಮಾಡಿ' ಎಂದು ಒಂದು ನಂಬರ್ ಇತ್ತು. ಅದನ್ನು ಎತ್ತಿಕೊಳ್ಳುವುದು. ಬಿಡುವಿನಲ್ಲಿ, ಜನ ನಮ್ಮ ಪುಟವನ್ನು ಬಳಸುವ ರೆಕಾರ್ಡಿಂಗ್‌ಗಳನ್ನು ನೋಡುವುದು.

ರೆಕಾರ್ಡಿಂಗ್ ಎಂದರೆ ಮುಖ ಕಾಣಿಸುವುದಿಲ್ಲ, ಧ್ವನಿ ಇಲ್ಲ. ಹೆಸರು, ಫೋನ್ ನಂಬರಿನ ಜಾಗದಲ್ಲಿ ನಕ್ಷತ್ರಗಳು ಮಾತ್ರ. ಪರದೆಯ ಮೇಲೆ ಬೆರಳು ಎಲ್ಲಿ ಮುಟ್ಟಿತು ಎಂದು ಒಂದು ಚುಕ್ಕೆ ಓಡಾಡುತ್ತದೆ, ಅಷ್ಟೆ. ಮೊದಲ ದಿನ ತೋರಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಾವ್ ನೋಡ್ತಿದೀವಿ ಅಂತ ಅವ್ರಿಗೆ ಹೇಳಿದೀರಾ?"

ಹೇಳಿದ್ದೆವು. ಪುಟದ ಮೇಲೆ ವಕೀಲರ ಇಂಗ್ಲಿಷಿನಲ್ಲಿ ಹನ್ನೊಂದು ಸಾಲು ಇತ್ತು. ಅವರು ಅದನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು. ಅದನ್ನು ಪೂರ್ತಿ ಓದಿದ ಮೊದಲ ವ್ಯಕ್ತಿ ಅವರೇ ಇರಬೇಕು, ವಕೀಲರನ್ನೂ ಸೇರಿಸಿ. ಆಮೇಲೆ ಒಂದು ಚೀಟಿಯಲ್ಲಿ ಬರೆದುಕೊಟ್ಟರು: 'ಈ ಪುಟದಲ್ಲಿ ನೀವು ಎಲ್ಲಿ ಒತ್ತುತ್ತೀರಿ ಎಂದು ನಾವು ನೋಡುತ್ತೇವೆ. ಪುಟವನ್ನು ಸರಿ ಮಾಡುವುದಕ್ಕೆ. ಬೇಡ ಅನ್ನಿಸಿದರೆ ಬೇಡ ಎಂದು ಒತ್ತಿ, ನಾವು ನೋಡುವುದಿಲ್ಲ.' ಹಾಕಿದೆವು. ಕೆಲವರು 'ಬೇಡ' ಒತ್ತಿದರು. ಮೇಡಂಗೆ ಅದರಿಂದ ಸಂತೋಷವಾಯಿತು. "ಎಕ್ಸ್‌ಚೇಂಜಲ್ಲೂ ಅಷ್ಟೇ ರೀ. ಕನೆಕ್ಷನ್ ಕೊಟ್ಮೇಲೆ ಆಪರೇಟರ್ ಲೈನಲ್ಲಿ ಇರ್ಬಾರ್ದು."

"ನೀವು ಯಾವತ್ತೂ ಕೇಳಿಸ್ಕೊಂಡಿಲ್ವಾ ಮೇಡಂ?"

"ಇರ್ಬಾರ್ದು ಅಂದೆ. ಇರ್ಲಿಲ್ಲ ಅನ್ಲಿಲ್ಲ."

ರೆಕಾರ್ಡಿಂಗ್ ನೋಡುವಾಗ ಅವರು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು. ಧ್ವನಿಯೇ ಇಲ್ಲದ್ದಕ್ಕೆ ಇದು ಯಾಕೆ ಎಂದು ಕೇಳಿದರೆ, "ಹಾಕ್ಕೊಂಡ್ರೆ ಗಮನ ಇರುತ್ತೆ" ಎನ್ನುತ್ತಿದ್ದರು. ಹೆಡ್‌ಫೋನಿನ ಸ್ಪಂಜು ಕಿವಿಗೆ ಕಚ್ಚುತ್ತದೆಂದು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬ್ಲೌಸ್ ಪೀಸ್ ತಂದು ಅದಕ್ಕೆ ಎರಡು ಕವರ್ ಹೊಲಿದಿದ್ದರು. ಹಸಿರು ಬಟ್ಟೆ, ಸುತ್ತ ಜರಿ ಅಂಚು. ಅದನ್ನು ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತರೆ, ಯಾವುದೋ ಸಮಾರಂಭಕ್ಕೆ ಬಂದವರ ಹಾಗೆ ಕಾಣುತ್ತಿದ್ದರು. ಫೋನ್ ಬಂದರೆ ಮಾತಿಗೆ ಮೊದಲು ಮೈಕಿನ ಮೇಲೆ ಉಗುರಿನಿಂದ ಎರಡು ಸಲ ಟಕ್ ಟಕ್ ಎಂದು ತಟ್ಟುತ್ತಿದ್ದರು. ಹಳೆಯ ಅಭ್ಯಾಸ. ಲೈನ್ ಇದೆಯೋ ಇಲ್ಲವೋ ನೋಡಿಕೊಳ್ಳುವುದಕ್ಕೆ.

ನಾನು ರೆಕಾರ್ಡಿಂಗ್‌ಗಳನ್ನು ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ ನೋಡುವವನು. ಜೊತೆಗೆ 'ನಿಷ್ಕ್ರಿಯ ಸಮಯವನ್ನು ಹಾರಿಸಿ' ಎಂಬ ಸೌಲಭ್ಯವೂ ಇದೆ. ಬಳಸುವವರು ಏನೂ ಮಾಡದೆ ಸುಮ್ಮನೆ ನಿಂತ ಹೊತ್ತನ್ನೆಲ್ಲ ಅದು ಕತ್ತರಿಸಿಬಿಡುತ್ತದೆ. ಹನ್ನೆರಡು ನಿಮಿಷದ ಮನುಷ್ಯ ನನಗೆ ನಲವತ್ತು ಸೆಕೆಂಡಿನಲ್ಲಿ ಮುಗಿಯುತ್ತಿದ್ದ. ಅವರು ಹನ್ನೆರಡು ನಿಮಿಷವನ್ನೂ ಕೂತು ನೋಡುತ್ತಿದ್ದರು. ಚುಕ್ಕೆ ನಿಂತರೆ ಇವರೂ ನಿಲ್ಲುತ್ತಿದ್ದರು.

"ಇಲ್ಲಿ ಏನೂ ಆಗ್ತಿಲ್ಲ ಮೇಡಂ, ಹಾರ್ಸಿ."

"ಯೋಚ್ನೆ ಮಾಡ್ತಿದಾರೆ ರೀ. ಎದುರಿಗೆ ಒಬ್ರು ಯೋಚ್ನೆ ಮಾಡ್ತಿದ್ರೆ ಎದ್ದು ಹೋಗ್ತೀರಾ?"

ಹೋಗುತ್ತೇನೆ ಎಂದು ಹೇಳಲಿಲ್ಲ.

ಇನ್ನೊಂದು ವಿಷಯ ಹೇಳಬೇಕು. ಮಧ್ಯಾಹ್ನ ಒಂದು ಹತ್ತಕ್ಕೆ ಸರಿಯಾಗಿ ಅವರು ನನ್ನ ಮೇಜಿನ ಹತ್ತಿರ ಬಂದು "ಊಟ ಆಯ್ತಾ?" ಎನ್ನುತ್ತಿದ್ದರು. ನಾನು ಪರದೆಯಿಂದ ಕಣ್ಣು ತೆಗೆಯದೆ "ಆಗತ್ತೆ ಮೇಡಂ" ಎನ್ನುತ್ತಿದ್ದೆ.

"ಆಗತ್ತೆ ಅನ್ನೋದು ಉತ್ತರ ಅಲ್ಲ ರೀ. ಆಯ್ತು, ಇಲ್ಲಾ ಆಗಿಲ್ಲ."

ಸೋಮವಾರಗಳಲ್ಲಿ ಮಾತ್ರ ಕೇಳಲು ಆಗುತ್ತಿರಲಿಲ್ಲ. ಅಂದು ನಾನು, ಚೇತನ್, ಡಿಸೈನ್ ಮಾಡುವ ಸನಾ ಹನ್ನೆರಡರಿಂದ ಗಾಜಿನ ಕೋಣೆಯಲ್ಲಿ ವರದಿಯ ಮುಂದೆ ಕೂತಿರುತ್ತಿದ್ದೆವು. ಒಂದು ಹತ್ತಕ್ಕೆ ಅವರು ಗಾಜಿನಾಚೆಯಿಂದ ಒಮ್ಮೆ ನೋಡಿ, ತಮ್ಮ ಜಾಗಕ್ಕೆ ಹೋಗುತ್ತಿದ್ದರು.

ಆ ಕೋಣೆಯಲ್ಲಿ ನಮ್ಮನ್ನು ಕಾಡುತ್ತಿದ್ದದ್ದು ನಾಲ್ಕನೇ ಪುಟ. ಅದರಲ್ಲಿದ್ದದ್ದು ಒಂದೇ ಪ್ರಶ್ನೆ: ರೂಮಿನಲ್ಲಿ ಎಷ್ಟು ಜನ ಇರುತ್ತೀರಿ? ಒಂದು, ಎರಡು, ಮೂರು, ನಾಲ್ಕು ಅಥವಾ ಹೆಚ್ಚು. ಇಷ್ಟು ಸುಲಭದ ಪ್ರಶ್ನೆಗೆ ಬಂದವರಲ್ಲಿ ಅರ್ಧಕ್ಕರ್ಧ ಜನ ಅಲ್ಲೇ ನಿಂತು, ಮಾಯವಾಗುತ್ತಿದ್ದರು. ಬಟನ್ ಕಾಣಿಸುತ್ತಿಲ್ಲವೇನೋ ಎಂದು ನಾನು ಹೇಳಿದೆ. ಸನಾ ಅದನ್ನು ಹಸಿರಿನಿಂದ ಕಿತ್ತಳೆ ಬಣ್ಣಕ್ಕೆ ತಿರುಗಿಸಿದಳು. ಮುಂದಿನ ವಾರ ದೊಡ್ಡದು ಮಾಡಿದಳು. ಮೂರನೇ ವಾರಕ್ಕೆ ಅದು ಚಪ್ಪಡಿ ಕಲ್ಲಿನಷ್ಟಾಗಿ, ಪ್ರಶ್ನೆಗೇ ಜಾಗ ಸಾಲದೆ ಹೋಯಿತು. ಜನ ಮಾಯವಾಗುತ್ತಲೇ ಇದ್ದರು.

ಆಪರೇಟರ್ ಮೇಡಂ ಸನಾಳನ್ನು ಕರೆದು ತಮ್ಮ ಪರದೆ ತೋರಿಸಿದರು.

"ಬಟನ್ ಕಾಣಿಸ್ತಿದೆ ಕಣಮ್ಮ. ನೋಡು, ಇವ್ರು ಮೂರು ಒತ್ತಿದ್ರು. ಬಟನ್ ಹತ್ರ ಹೋದ್ರು. ವಾಪಸ್ ಬಂದು ಎರಡು ಮಾಡಿದ್ರು. ಈಗ ನೋಡು, ಸುಮ್ನೆ ನಿಂತಿದಾರೆ."

"ಕನ್ಫ್ಯೂಸ್ ಆಗಿದಾರೆ ಆಂಟಿ."

"ಇಲ್ಲ. ಉತ್ತರ ಚೆನ್ನಾಗ್ ಗೊತ್ತಿದೆ. ನಿಜ ಹೇಳಿದ್ರೆ ರೂಮ್ ಕೊಡ್ತಾರಾ ಅಂತ ನೋಡ್ತಿದಾರೆ."

ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಟಕ್ ಟಕ್. ಆ ಕಡೆಯ ದನಿ ನಮಗೂ ಕೇಳಿಸುವಷ್ಟು ಜೋರಾಗಿತ್ತು. ಯಾದಗಿರಿ ಕಡೆಯ ಶರಣಮ್ಮ ಎಂಬಾಕೆ.

"ಅಕ್ಕಾರ, ಎಷ್ಟು ಮಂದಿ ಇರ್ತೀರಿ ಅಂತ ಕೇಳಾಕತ್ತದರೀ ಇದು. ಏನ್ ಹಾಕ್ಲಿ?"

"ಎಷ್ಟು ಜನ ಇರ್ತೀರಮ್ಮ?"

"ನಾನು, ನಮ್ ಮನ್ಯಾರು, ಒಂದು ಕೂಸು. ನಮ್ಮತ್ತಿ ಒಮ್ಮೊಮ್ಮೆ ಬರ್ತಾರ್ರೀ. ಬಂದ್ರ ಹೋಗಂಗಿಲ್ಲ. ಆಕೀನ್ನ ಹಾಕ್ಬೇಕೋ ಬ್ಯಾಡೋ?"

ಮೇಡಂ ಒಂದು ಕ್ಷಣವೂ ನಗಲಿಲ್ಲ. ಫಾರ್ಮನ್ನು ತಮ್ಮ ಕಂಪ್ಯೂಟರಿನಲ್ಲಿ ತೆರೆದು, ಶರಣಮ್ಮ ಹೇಳುತ್ತಾ ಹೋದ ಹಾಗೆ ತಾವೇ ತುಂಬಿದರು. ಆಮೇಲೆ ಬೈಯಪ್ಪನಹಳ್ಳಿಯ ಓನರ್‌ಗೆ ಫೋನ್ ಹಾಕಿದರು.

"ಯಜಮಾನ್ರೇ, ಮೂರು ಜನ. ಅತ್ತೆ ಹಬ್ಬಕ್ಕೆ ಬರ್ತಾರೆ."

"ಮೇಡಂ, ನೀವ್ ಕಳ್ಸೋರ್ಗೆ ತಿಂಗ್ಳಿಗ್ ಮೂರ್ ಹಬ್ಬ ಬರತ್ತೆ!"

"ನಿಮ್ಮನೇಲಿ ಎಷ್ಟು ಜನ ಇದೀರಿ ಯಜಮಾನ್ರೇ?"

"ಹನ್ನೊಂದು."

"ನಿಮ್ಮತ್ತೆ?"

"ಸರಿ ಬಿಡಿ, ಕಳ್ಸಿ."

ಹೀಗೆ ದಿನಕ್ಕೆ ಎಂಟೋ ಹತ್ತೋ ಫೋನು. ಎಲ್ಲವೂ ನಾಲ್ಕನೇ ಪುಟದಿಂದ. ಎಲ್ಲ ಫಾರ್ಮನ್ನೂ ಅವರೇ ತುಂಬುತ್ತಿದ್ದರು. ರೂಮುಗಳು ಸಾಕಷ್ಟು ತುಂಬುತ್ತಿದ್ದವು. ಚೇತನ್ ಅದನ್ನು ಬಟನ್ನಿನ ಬಣ್ಣದ ಫಲ ಎಂದುಕೊಂಡಿದ್ದ.

ಒಂದು ಸೋಮವಾರ ಅವನು ಕೇಳಿದ: "ಸರ್, ಜನ ಫಾರ್ಮ್ ಬಿಟ್ಟು ಹೋಗೋಕೆ ಆ ಫೋನ್ ನಂಬರೇ ಕಾರಣ ಇರ್ಬೋದಾ? ನಂಬರ್ ಒತ್ತಿದೋರಲ್ಲಿ ಎಷ್ಟು ಜನ ಫಾರ್ಮ್ ಮುಗ್ಸಿದಾರೆ, ನೋಡಿ."

ನೋಡಿದೆ. ಸೊನ್ನೆ. ಎರಡು ವರ್ಷದಲ್ಲಿ, ಆ ನಂಬರ್ ಒತ್ತಿದವರಲ್ಲಿ ಒಬ್ಬರೂ ಫಾರ್ಮ್ ಮುಗಿಸಿರಲಿಲ್ಲ.

ಅಷ್ಟು ಸ್ವಚ್ಛವಾದ ಸೊನ್ನೆಯನ್ನು ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ನನಗೆ ಗ್ಯಾಸಿನ ಮೇಲೆ, ಬೀಗದ ಮೇಲೆ, ಬೇಕರಿಯ ಬನ್ನಿನ ಮೇಲೆ ಎಲ್ಲ ಅನುಮಾನ. ಇದೊಂದರ ಮೇಲೆ ಬರಲಿಲ್ಲ. "ಯಾರೂ ಇಲ್ಲ" ಎಂದು ವರದಿ ಕೊಟ್ಟೆ. ಮುಂದಿನ ಸೋಮವಾರದಿಂದ ಎರಡು ವಾರ ನಂಬರ್ ತೆಗೆದು ನೋಡುವುದು, ಗ್ರಾಫ್ ಬೀಳದಿದ್ದರೆ ತಿಂಗಳ ಕೊನೆಗೆ ಫೋನನ್ನೂ ಫೋನಿನ ಮುಂದಿನ ಕುರ್ಚಿಯನ್ನೂ ತೆಗೆಯುವುದು ಎಂದು ತೀರ್ಮಾನವಾಯಿತು. ಮೇಡಂಗೆ ಹೇಳುವ ಕೆಲಸವನ್ನು, ವಯಸ್ಸಿನಲ್ಲಿ ಹತ್ತಿರದವನೆಂದು, ನನಗೇ ವಹಿಸಿದರು.

ಅವರು ಪೂರ್ತಿ ಕೇಳಿ, "ಎರಡು ವಾರ ತಾನೇ? ನೋಡೋಣ" ಎಂದರು. ಮತ್ತೆ, "ಊಟ ಆಯ್ತಾ?"

ನಂಬರ್ ತೆಗೆದ ವಾರದ ಬುಧವಾರ, ಬೇರೆ ಏನೋ ಚಿಂತೆಯಿಂದ ಆ ಸಾಫ್ಟ್‌ವೇರಿನ ಸೆಟ್ಟಿಂಗ್ಸ್ ತೆರೆದೆ. ಮೊದಲ ಸಾಲಿನಲ್ಲೇ ಇತ್ತು: ಆಫೀಸಿನ ಇಂಟರ್ನೆಟ್‌ನಿಂದ ಬರುವವರನ್ನು ಲೆಕ್ಕಕ್ಕೆ ಹಿಡಿಯಬೇಡ. ಅದನ್ನು ಹಾಕಿದವನು ನಾನೇ. ಎರಡು ವರ್ಷದ ಹಿಂದೆ, ಮೊದಲ ವಾರದಲ್ಲಿ. ನಮ್ಮ ಹುಡುಗರು ದಿನಕ್ಕೆ ನೂರು ಸಲ ಪುಟ ತೆರೆದು ಅಂಕಿ ಕೆಡಿಸಿಬಿಡುತ್ತಾರೆ ಎಂಬ ಭಯದಿಂದ. ಈ ಕೆಲಸದವರೆಲ್ಲ ಮಾಡುವುದೇ ಅದು, ತಪ್ಪೇನಲ್ಲ. ಆದರೆ ಮೇಡಂ ತುಂಬಿದ ಪ್ರತಿ ಫಾರ್ಮೂ ಆಫೀಸಿನಿಂದಲೇ ಹೋಗಿತ್ತು. ಹಾಗಾಗಿ ಶರಣಮ್ಮ ತನ್ನ ಮೊಬೈಲಿನಲ್ಲಿ ನಾಲ್ಕನೇ ಪುಟಕ್ಕೆ ಬಂದು ನಂಬರ್ ಒತ್ತಿದಾಗ, ಬಿಟ್ಟು ಹೋದವಳು. ಮೇಡಂ ಅವಳ ಫಾರ್ಮ್ ತುಂಬಿ ಕಳಿಸಿದಾಗ, ಬರಲೇ ಇಲ್ಲದವಳು. ಎರಡು ವರ್ಷದ ನನ್ನ ಎಲ್ಲ ವರದಿಗಳೂ ಹೀಗೇ ಇದ್ದವು, ಬಣ್ಣಬಣ್ಣದ ಗ್ರಾಫ್ ಸಮೇತ.

ತಕ್ಷಣ ಎದ್ದು ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಎರಡು ವರ್ಷ ತಪ್ಪು ವರದಿ ಕೊಟ್ಟ ನಲವತ್ತೆಂಟರವನನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ಆ ವಯಸ್ಸಿನಲ್ಲಿ ಹೊಸ ಕೆಲಸಕ್ಕೆ ಫಾರ್ಮ್ ತುಂಬುವವರು ಎಲ್ಲಿ ನಿಲ್ಲುತ್ತಾರೆ ಎಂದು ನನಗೆ ಗೊತ್ತು. ಹುಟ್ಟಿದ ವರ್ಷ ಕೇಳುವ ಜಾಗದಲ್ಲಿ. ಒಬ್ಬರ ಕುರ್ಚಿ ಹೋಗುವುದು, ಇನ್ನೊಬ್ಬರ ಕುರ್ಚಿ ಹೋಗುವುದು, ಎರಡನ್ನೂ ತೂಗಿ ನೋಡಿದೆ. ಎರಡನೆಯದು ನನ್ನದಾಗಿದ್ದರಿಂದ ಭಾರವಾಗಿ ಕಂಡಿತು. ನಡುವೆ ಒಂದು ಸೋಮವಾರ ಬಂದು ಹೋಯಿತು. ಆ ವರದಿಯಲ್ಲಿ, ಗ್ರಾಫ್ ಬಿದ್ದಿಲ್ಲ ಎಂದು ಬರೆದೆ. ಅದು ನಿಜವೇ ಆಗಿತ್ತು. ಲೆಕ್ಕದಲ್ಲೇ ಇಲ್ಲದವರು ನಿಂತುಹೋದರೆ ಗ್ರಾಫ್ ಹೇಗೆ ಬೀಳುತ್ತದೆ?

ಆ ದಿನಗಳಲ್ಲಿ ಮೇಡಂ ಎಂದಿನಂತೆ ಹಲಸೂರಿನಿಂದ ಬಸ್ಸಿನಲ್ಲಿ ಬಂದು, ಜರಿ ಅಂಚಿನ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದರು. ಫೋನ್ ಬರುತ್ತಿರಲಿಲ್ಲ. ಆದರೂ ಆಗಾಗ ಮೈಕಿನ ಮೇಲೆ ಟಕ್ ಟಕ್ ಎನ್ನಿಸುತ್ತಿದ್ದರು. ಆ ಸದ್ದು ನನ್ನ ಮೇಜಿನವರೆಗೆ ಬರುತ್ತಿತ್ತು. ಅದಕ್ಕೂ ಮೊದಲು ಎಂದೂ ಬಂದದ್ದಿಲ್ಲ.

ಸೆಟ್ಟಿಂಗ್ಸ್ ನೋಡಿದ ಎಂಟನೇ ದಿನ ಅವರು ಕರೆದರು. "ಏನ್ರೀ, ಇಲ್ ಬನ್ನಿ ಸ್ವಲ್ಪ."

ಪರದೆಯ ಮೇಲೆ ಯಾರದೋ ರೆಕಾರ್ಡಿಂಗ್. ನಾಲ್ಕನೇ ಪುಟ. ಚುಕ್ಕೆ ಸ್ವಲ್ಪ ಹೊತ್ತು ಪ್ರಶ್ನೆಯ ಮೇಲೆ ನಿಂತಿತು. ಆಮೇಲೆ ಕೆಳಗೆ ಇಳಿಯಿತು. ಹಿಂದೆ ನಂಬರ್ ಇದ್ದ ಜಾಗಕ್ಕೆ. ಈಗ ಅಲ್ಲಿ ಬರೀ ಬಿಳಿ. ಚುಕ್ಕೆ ಆ ಬಿಳಿಯ ಮೇಲೆ ಎರಡು ಸಲ ಬಡಿಯಿತು. ನಿಂತಿತು. ಮತ್ತೆ ಎರಡು ಸಲ.

"ಇಲ್ಲೇನೋ ಕೆಂಪು ಗುರ್ತು ಹಾಕಿದೆಯಲ್ಲ, ಏನದು?"

"ಕೋಪದ ಕ್ಲಿಕ್ ಅಂತ ಮೇಡಂ. ಒಂದೇ ಕಡೆ ಪದೇ ಪದೇ ಒತ್ತಿದ್ರೆ, ಬಳಸೋರಿಗೆ ಕೋಪ ಬಂದಿದೆ ಅಂತ ಅರ್ಥ."

"ಯಾರ್ ಹೇಳಿದ್ದು?"

"ಸಾಫ್ಟ್‌ವೇರೇ ಹೇಳತ್ತೆ."

"ಕೋಪ ಬಂದೋರು ಹೀಗ್ ಒತ್ತಲ್ಲ ರೀ. ಒತ್ತಿ ನಿಲ್ತಿದಾರೆ, ನೋಡಿ. ಒಳಗಿಂದ ಯಾರಾದ್ರೂ ಬರ್ತಾರಾ ಅಂತ. ಬಾಗ್ಲು ತಟ್ತಿದಾರೆ." ಅವರು ಇನ್ನೊಂದು ತೆರೆದರು, ಮತ್ತೊಂದು ತೆರೆದರು. ಎಲ್ಲರೂ ಅದೇ ಬಿಳಿ ಜಾಗಕ್ಕೆ ಬಂದು ಬಡಿಯುತ್ತಿದ್ದರು. "ಮೊದ್ಲು ಬಂದೋರು ಹೇಳಿ ಕಳ್ಸಿರ್ತಾರೆ. ನಾಲ್ಕನೇದ್ರಲ್ಲಿ ಕೆಳಗಡೆ ಒಬ್ರು ಅಕ್ಕ ಇದಾರೆ ಅಂತ."

ನಾನು ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಎಲ್ಲವನ್ನೂ ಹೇಳಿದೆ. ಅವರು ಒಂದು ಕಿವಿಯ ಹೆಡ್‌ಫೋನ್ ಸರಿಸಿ ಕೇಳಿಸಿಕೊಂಡರು.

"ಅಂದ್ರೆ ಎರಡು ವರ್ಷದಿಂದ ನಾನು ಬಂದೇ ಇಲ್ಲ."

"ಲೆಕ್ಕದ ಪ್ರಕಾರ ಇಲ್ಲ ಮೇಡಂ."

"ಶರಣಮ್ಮ?"

"ನಾಲ್ಕನೇ ಪೇಜಲ್ಲಿ ಬಿಟ್ಟು ಹೋದ್ರು."

"ಬೈಯಪ್ಪನಹಳ್ಳಿಲಿ ಇದಾರೆ ರೀ! ಮೊನ್ನೆ ನನ್ ಮನೆ ನಂಬರ್‌ಗೆ ಫೋನ್ ಮಾಡಿ, ನಲ್ಲಿ ಸೋರತ್ತೆ, ಓನರ್‌ಗೆ ಹೇಳಿ ಅಂದ್ರು."

ನಾನು ತಲೆ ತಗ್ಗಿಸಿದೆ. ಎಷ್ಟು ದಿನದಿಂದ ಗೊತ್ತು ಎಂದು ಅವರು ಕೇಳುತ್ತಾರೆಂದು ಕಾದೆ. ಕೇಳಲಿಲ್ಲ. ಎಂಟು ದಿನದಿಂದ ನನ್ನನ್ನೂ ಅವರು ಓಡಿಸದೆ ನೋಡುತ್ತಿದ್ದರು ಅನ್ನಿಸುತ್ತದೆ.

"ನಾನ್ ಲೆಕ್ಕದಲ್ಲಿಲ್ಲ ಅಂತ ಬೇಜಾರಿಲ್ಲ," ಎಂದರು. "ಆಪರೇಟರ್ ಲೈನಲ್ಲಿ ಇರ್ಬಾರ್ದು, ಸರಿ. ಆದ್ರೆ ಅವ್ರನ್ನ ಹೋದೋರು ಅಂತ ಬರೀಬೇಡಿ. ಅವ್ರು ಹೋಗ್ಲಿಲ್ಲ. ಸೋಮವಾರ ಹೇಳ್ತೀರಾ?"

"ಹೇಳ್ತೀನಿ."

"ಊಟ ಮಾಡ್ಕೊಂಡ್ ಹೇಳಿ."

ಸೋಮವಾರ ಹದಿನಾಲ್ಕು ಪುಟದ ವರದಿ ತಯಾರಿಸಿಕೊಂಡು ಹೋದೆ. ಮೊದಲ ಪುಟದ ಶೀರ್ಷಿಕೆ 'ಒಂದು ಸಣ್ಣ ತಿದ್ದುಪಡಿ'. ಎಂಟು ದಿನ ಸುಮ್ಮನಿದ್ದದ್ದನ್ನು ಹದಿನಾಲ್ಕನೇ ಪುಟದಲ್ಲಿ ಇಟ್ಟಿದ್ದೆ, ಅಷ್ಟರೊಳಗೆ ಎಲ್ಲರಿಗೂ ನಿದ್ದೆ ಬಂದಿರಲಿ ಎಂದು. ಚೇತನ್ ಎರಡನೇ ಪುಟದಲ್ಲೇ ಕೈ ಎತ್ತಿದ.

"ಸರ್, ಒಂದ್ ನಿಮಿಷ. ಅಂದ್ರೆ ನಮ್ ಫಾರ್ಮ್‌ಗಳಲ್ಲಿ ಜಾಸ್ತಿ ಬರ್ತಿದ್ದಿದ್ದು ಆಂಟಿಯಿಂದ?"

"ಹೌದು."

"ಮತ್ತೆ ಆ ಬಟನ್?"

"ಬಟನ್‌ನಿಂದ ಏನೂ ಆಗಿಲ್ಲ."

ಸನಾ ಮೇಜಿನ ಮೇಲೆ ಹಣೆ ಇಟ್ಟು ನಗತೊಡಗಿದಳು. "ಅರೇ, ಪೂರಾ ಕಂಪ್ನಿ ಆಂಟೀಚ್ ಚಲಾರೇ!" ಇಡೀ ಕಂಪನಿಯನ್ನು ಆಂಟಿಯೇ ನಡೆಸುತ್ತಿದ್ದಾರಂತೆ. ಚೇತನ್ ಗಾಜಿನಾಚೆ ನೋಡಿದ. ಅಲ್ಲಿ ಹಸಿರು ಹೆಡ್‌ಫೋನ್ ಒಂದು ನೆಟ್ಟಗೆ ಕೂತಿತ್ತು. "ನಂಬರ್ ವಾಪಸ್ ಹಾಕಿ," ಎಂದ. ಹದಿನಾಲ್ಕನೇ ಪುಟವನ್ನು ನಾನೇ ಒತ್ತಾಯ ಮಾಡಿ ತೋರಿಸಬೇಕಾಯಿತು. ಅವನು ಓದಿ, "ಮುಂದೆ ಬೇಗ ಹೇಳಿ ಸರ್" ಎಂದ. ಎಂಟು ದಿನ ನಿದ್ದೆಗೆಟ್ಟ ವಿಷಯ ನಾಲ್ಕು ನಿಮಿಷದಲ್ಲಿ ಮುಗಿದದ್ದು ನನಗೆ ಸ್ವಲ್ಪ ಅವಮಾನವೇ ಆಯಿತು.

ನಂಬರ್ ವಾಪಸ್ ಬಂತು, ಈ ಸಲ ಪುಟದ ಮೇಲ್ಗಡೆ. ಮೇಡಂ ಹೇಳಿದಂತೆ ಎಷ್ಟು ಜನ ಇರುತ್ತೀರಿ ಎಂಬ ಪ್ರಶ್ನೆಯ ಕೆಳಗೆ ಇನ್ನೊಂದು ಉತ್ತರವನ್ನೂ ಸೇರಿಸಿದೆವು: 'ಫೋನಲ್ಲಿ ಹೇಳ್ತೀನಿ'. ಒಂದು, ಎರಡು, ಮೂರಕ್ಕಿಂತ ಜನ ಈಗಲೂ ಹೆಚ್ಚು ಒತ್ತುವುದು ಅದನ್ನೇ.

ಲೆಕ್ಕದಿಂದ ಆಫೀಸನ್ನು ಹೊರಗಿಟ್ಟಿದ್ದ ಆ ಸಾಲನ್ನು ಅಳಿಸಿದ ದಿನ ಅವರು ಕೇಳಿದರು, "ಇನ್ಮೇಲೆ ನಾನೂ ಕಾಣಿಸ್ತೀನಾ?"

"ಹೌದು ಮೇಡಂ. ನಿಮ್ಮ ರೆಕಾರ್ಡಿಂಗೂ ಬರತ್ತೆ. ವಾರಕ್ಕೊಂದ್ಸಲ ನಾನು ನೋಡ್ಬೇಕಾಗತ್ತೆ. ಬೇಡ ಅಂದ್ರೆ ಬೇಡ ಒತ್ಬೋದು."

"ಇರ್ಲಿ, ನೋಡಿ. ಓಡಿಸ್ಬೇಡಿ ಅಷ್ಟೇ."

ಓಡಿಸಿದೆ. ಸೋಮವಾರದ ವರದಿ ಮುಗಿದ ಮೇಲೆ, ಮಂಗಳವಾರ ಅವರ ವಾರದ ರೆಕಾರ್ಡಿಂಗ್‌ಗಳನ್ನು ನಾಲ್ಕು ಪಟ್ಟು ವೇಗದಲ್ಲಿ, ನಿಂತ ಹೊತ್ತನ್ನೆಲ್ಲ ಹಾರಿಸಿ, ಫಾರ್ಮ್ ಸರಿಯಾಗಿ ಹೋಗಿದೆ ಎಂದು ಗುರುತು ಹಾಕಿ ಮುಚ್ಚುತ್ತಿದ್ದೆ. ಹಾಗೇ ಒಂದು ವರ್ಷ ಕಳೆಯಿತು.

ಈಗ ಆ ಫೋನನ್ನು ಸನಾ ಎತ್ತಿಕೊಳ್ಳುತ್ತಾಳೆ. ಜರಿ ಅಂಚಿನ ಹೆಡ್‌ಫೋನ್ ಹಾಕಿಕೊಂಡೇ. ಯಾದಗಿರಿಯ ಮಾತು ಮೊದಮೊದಲು ಅರ್ಥವಾಗುತ್ತಿರಲಿಲ್ಲ. ಈಗ ಅವಳೇ 'ಹೌದ್ರೀ' ಎನ್ನುತ್ತಾಳೆ. ಶರಣಮ್ಮನಿಗೆ ವಿಷಯ ತಿಳಿಸಿದವಳೂ ಅವಳೇ. ಆ ಕಡೆಯಿಂದ ತುಂಬ ಹೊತ್ತು ಏನೂ ಕೇಳಿಸಲಿಲ್ಲವಂತೆ. ಸನಾ ಫೋನ್ ಇಡದೆ ಕಾದಳು.

ಈಮೇಲ್ ಬಂದ ದಿನ ನಾನು ಸಣ್ಣಕ್ಷರದ 'ಆಮೇಲೆ ನೆನಪಿಸಿ' ಒತ್ತಿದೆ. ಒತ್ತಿದ ಮೇಲೆ ಇನ್ನೊಂದು ಚಿಂತೆ ಹತ್ತಿತು. ರೆಕಾರ್ಡಿಂಗ್‌ಗಳು ತೊಂಬತ್ತು ದಿನಕ್ಕೆ ತಾವಾಗಿಯೇ ಅಳಿಸಿಹೋಗುತ್ತವೆ. ಅವರದ್ದು ಇನ್ನು ಎರಡು ತಿಂಗಳಷ್ಟು ಉಳಿದಿತ್ತು. ಹಳೆಯದರಿಂದ ಶುರುಮಾಡಿದೆ. ವೇಗ ಒಂದು. ಏನನ್ನೂ ಹಾರಿಸದೆ.

ಮೊದಲ ಸಲ ನೋಡಿದೆ. ಫಾರ್ಮ್ ತೆರೆದಿದೆ, ಎಷ್ಟು ಜನ ಎಂಬ ಪ್ರಶ್ನೆಯ ಹತ್ತಿರ ಬಾಣದ ಗುರುತು ನಿಂತಿದೆ. ಒಂದು ನಿಮಿಷ. ಎರಡು ನಿಮಿಷ. ಏನೂ ಆಗುವುದಿಲ್ಲ. ಆ ಕಡೆ ಯಾರೋ ತಮ್ಮ ಅತ್ತೆಯ ವಿಷಯವನ್ನೋ ಊರಿನ ವಿಷಯವನ್ನೋ ಹೇಳುತ್ತಿದ್ದಾರೆ, ಇವರು ಕೇಳಿಸಿಕೊಳ್ಳುತ್ತಿದ್ದಾರೆ. ಆ ಹೊತ್ತಿಗೆಲ್ಲ ಸಾಫ್ಟ್‌ವೇರ್ ಕೆಳಗಿನ ಪಟ್ಟಿಯಲ್ಲಿ ಬೂದು ಬಣ್ಣ ಬಳಿದಿದೆ: ನಿಷ್ಕ್ರಿಯ.

ಆಮೇಲೆ ಒಂದು ಸೋಮವಾರ ಸಿಕ್ಕಿತು. ಮಧ್ಯಾಹ್ನ ಒಂದು ಹತ್ತು. ಫಾರ್ಮ್ ಯಾವುದೂ ತೆರೆದಿಲ್ಲ, ಮುಖಪುಟ ಮಾತ್ರ. ಬಾಣ ಮೇಲೆ ಹೋಗಿ 'ಏರಿಯಾ ಹುಡುಕಿ' ಎಂಬ ಪೆಟ್ಟಿಗೆಯ ಮೇಲೆ ನಿಂತಿತು. ಅಲ್ಲಿ ಬರೆದದ್ದು ನಕ್ಷತ್ರವಾಗುವುದಿಲ್ಲ, ಅಕ್ಷರ ಹಾಗೇ ಕಾಣುತ್ತದೆ. ಒಂದೊಂದೇ ಅಕ್ಷರ ಮೂಡಿತು.

ಊಟ ಆಯ್ತಾ

ಹುಡುಕು ಎಂದು ಒತ್ತಲಿಲ್ಲ. ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಹಿಂದಿನಿಂದ ಒಂದೊಂದಾಗಿ ಅಳಿಸಿದರು.

ಮುಂದಿನ ಸೋಮವಾರಕ್ಕೆ ಹೋದೆ. ಒಂದು ಹತ್ತು. ಊಟ ಆಯ್ತಾ. ಅದರ ಮುಂದಿನದು. ಅದರಲ್ಲೂ. ಗಾಜಿನ ಕೋಣೆಗೆ ಬರಲಾಗದ ಪ್ರಶ್ನೆಯನ್ನು ಅವರು ಮಂಗಳವಾರ ನನಗೆ ತಲುಪುವ ಹಾಗೆ ಅಲ್ಲಿ ಇಟ್ಟುಹೋಗಿದ್ದರು. ವರ್ಷವಿಡೀ ಇಟ್ಟಿರಬೇಕು. ನಾನು ಅದರ ಮೇಲೆ ನಾಲ್ಕು ಪಟ್ಟು ವೇಗದಲ್ಲಿ ಓಡಿದ್ದೆ. ಅವರು ಕಾದ ಹೊತ್ತನ್ನು ಹಾರಿಸಿದ್ದೆ.

ಗಂಟೆ ನೋಡಿದೆ. ಎರಡೂ ಇಪ್ಪತ್ತು. ಬ್ಯಾಗಿನಿಂದ ಡಬ್ಬಿ ತೆಗೆದು, ಮೊಸರನ್ನವನ್ನೂ ಉಪ್ಪಿನಕಾಯಿಯನ್ನೂ ಮೇಜಿನ ಮುಂದೆ ಕೂತೇ ಪೂರ್ತಿ ಊಟ ಮಾಡಿದೆ. ಡಬ್ಬಿ ತೊಳೆದಿಟ್ಟೆ. ಆಮೇಲೆ ನಮ್ಮ ವೆಬ್‌ಸೈಟಿನ ಮುಖಪುಟ ತೆರೆದು, ಏರಿಯಾ ಹುಡುಕುವ ಪೆಟ್ಟಿಗೆಯಲ್ಲಿ 'ಆಯ್ತು ಮೇಡಂ' ಎಂದು ಬರೆದು, ಅಳಿಸದೆ, ಹುಡುಕು ಒತ್ತಿದೆ.

ಚಕ್ರ ಸ್ವಲ್ಪ ಹೊತ್ತು ತಿರುಗಿತು. ಕಾದೆ.

'ಕ್ಷಮಿಸಿ. ಆಯ್ತು ಮೇಡಂ ಏರಿಯಾದಲ್ಲಿ ಸದ್ಯಕ್ಕೆ ಯಾವ ರೂಮೂ ಖಾಲಿ ಇಲ್ಲ. ತೊಂದರೆಯಾದರೆ ಕರೆ ಮಾಡಿ.'